ಡಯಟ್ ಮಾಡುವಾಗ ಸ್ನಾಯುಗಳ ಕಸುವು ಉಳಿಸಿಕೊಳ್ಳುವುದು ಹೇಗೆ?

ಹೋದ ವರ್ಷ ನಮ್ಮ ಅಕ್ಕ ಮೂರು ತಿಂಗಳಲ್ಲಿ 11 ಕೆಜಿ ಇಳಿಸಿದಳು. ಬೆಳಿಗ್ಗೆ ಒಂದು ಲೋಟ ಸೋರೆಕಾಯಿ ಜ್ಯೂಸ್. ಮಧ್ಯಾಹ್ನ ಸೌತೆಕಾಯಿ, ಕ್ಯಾರೆಟ್. ರಾತ್ರಿ ಒಂದೇ ಒಂದು ಚಪಾತಿ. ಒಂದು ಗೃಹಪ್ರವೇಶಕ್ಕೆ ಹೋದಾಗ ನೆಂಟರೆಲ್ಲ "ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯ!" ಅಂದರು. ಅವತ್ತು ನೆಲದ ಮೇಲೆ ಪಂಕ್ತಿ ಊಟ. ಊಟ ಮುಗಿಸಿ ಎಲ್ಲರೂ ಎದ್ದರು. ಅಕ್ಕ ಗೋಡೆಗೆ ಕೈ ಕೊಟ್ಟು, ಎರಡನೇ ಸಲಕ್ಕೆ ಎದ್ದಳು.

"ಮಂಡಿ ನೋವಾ ಅಕ್ಕಾ?" ಅಂತ ಕೇಳಿದೆ.

"ನೋವೇನೂ ಇಲ್ಲ ಕಣೋ. ಕಾಲಲ್ಲಿ ಶಕ್ತಿನೇ ಇಲ್ಲ."

ಅವಳಿಗಿನ್ನೂ 44 ವರ್ಷ. ತೂಕ ಇದ್ದಾಗ ಸಲೀಸಾಗಿ ಏಳುತ್ತಿದ್ದವಳು ತೂಕ ಇಳಿದ ಮೇಲೆ ಗೋಡೆ ಹಿಡಿಯುವಂತಾಯಿತು. ತೂಕದ ಮೆಷಿನ್ ಎಷ್ಟು ಇಳಿದಿದೆ ಅಂತ ಹೇಳುತ್ತದೆ. ಇಳಿದದ್ದು ಏನು ಅಂತ ಹೇಳುವುದಿಲ್ಲ. ಆ ದಿನದಿಂದ ಈ ವಿಷಯ ಹುಡುಕಿ ಓದಿದೆ. ಓದಿದ್ದನ್ನು, ಆಮೇಲೆ ನಮ್ಮ ಮನೆಯಲ್ಲಿ ಮಾಡಿದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಇದು ತೂಕ ಜಾಸ್ತಿ ಇರುವ, ಬೇರೆ ದೊಡ್ಡ ಕಾಯಿಲೆ ಇಲ್ಲದ ವಯಸ್ಕರಿಗೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರು, ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರ ಹತ್ತಿರ ಮಾತಾಡಿ. ಊಟ ಕಡಿಮೆ ಮಾಡಿ ಮಾತ್ರೆ ಮಾತ್ರ ಹಳೆಯಷ್ಟೇ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಮೊದಲು ತಿಳಿಯಬೇಕಾದದ್ದು: ಒಳಗೆ ಏನಾಗುತ್ತದೆ?

ಊಟ ಒಮ್ಮೆಲೇ ಕಡಿಮೆ ಮಾಡಿದರೆ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಎಲ್ಲರಿಗೂ ಖುಷಿ. ಆದರೆ ಅದರಲ್ಲಿ ಕೊಬ್ಬು ಸ್ವಲ್ಪವೇ. ನಮ್ಮ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದು ದೇಹ ಕೂಡಿಟ್ಟುಕೊಂಡ ಸಕ್ಕರೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ದಾಸ್ತಾನು ಖಾಲಿಯಾದಾಗ ಆ ನೀರೂ ಹೋಗುತ್ತದೆ. ಮೆಟ್ಟಿಲು ಹತ್ತುವಾಗ, ಬಸ್ ಹಿಡಿಯಲು ಓಡುವಾಗ ಸ್ನಾಯು ಕೈ ಹಾಕುವುದು ಈ ದಾಸ್ತಾನಿಗೇ. ಮೊದಲ ವಾರದಲ್ಲೇ ಕಾಲು ಸೋತಂತೆ ಆಗುವುದಕ್ಕೆ ಇದೊಂದು ಕಾರಣ.

ಆಮೇಲಿನದು ನಿಧಾನವಾದ ನಷ್ಟ. ದೇಹ ದಿನವೂ ಹಳೆಯ ಸ್ನಾಯು ಪ್ರೋಟೀನನ್ನು ಒಡೆಯುತ್ತದೆ, ಹೊಸದು ಕಟ್ಟುತ್ತದೆ. ಊಟ ಸಾಲದಾದಾಗ ಒಡೆಯುವುದು ನಿಲ್ಲುವುದಿಲ್ಲ, ಕಟ್ಟುವುದು ಹಿಂದೆ ಬೀಳುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಕ ಯುವತಿಯರು ಬರೀ 5 ದಿನ ಊಟ ಕಡಿಮೆ ಮಾಡಿದ್ದರು. ಅಷ್ಟಕ್ಕೇ ಸ್ನಾಯು ಕಟ್ಟುವ ವೇಗ ಶೇ 27ರಷ್ಟು ಇಳಿಯಿತು. ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ಮತ್ತೆ ಮೊದಲಿನ ಮಟ್ಟಕ್ಕೆ ಬಂತು. ಜೊತೆಗೆ ಪ್ರೋಟೀನ್ ಕೊಟ್ಟಾಗ ಇನ್ನೂ ಮೇಲೇರಿತು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಒಂದು ರೀತಿಯಲ್ಲಿ ಇದರಲ್ಲೇ ಇದೆ.

ನನ್ನನ್ನು ಜಾಸ್ತಿ ಕಾಡಿದ್ದು ಕೆನಡಾದ ಟೊರಾಂಟೊದಲ್ಲಿ ಜೀಜೀಭಾಯ್ ಎಂಬ ವೈದ್ಯರ ತಂಡ ಮಾಡಿ, 1983ರಲ್ಲಿ ಪ್ರಕಟಿಸಿದ ಕೆಲಸ. ಬೊಜ್ಜಿದ್ದ ಕೆಲವರಿಗೆ ಎರಡು ವಾರ ದಿನಕ್ಕೆ 400 ಕ್ಯಾಲರಿ ಮಾತ್ರ ಕೊಟ್ಟರು. ಆಮೇಲೆ ಎರಡು ವಾರ ಪೂರ್ತಿ ಉಪವಾಸ. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಹೆಬ್ಬೆರಳಿನ ಸ್ನಾಯು ಎಷ್ಟು ಬಲವಾಗಿ ಬಿಗಿಯುತ್ತದೆ, ಎಷ್ಟು ಬೇಗ ಸಡಿಲವಾಗುತ್ತದೆ, ಎಷ್ಟು ಬೇಗ ಸೋಲುತ್ತದೆ ಅಂತ ಅಳೆದರು. ಹೀಗೆ ಅಳೆದರೆ ಮನಸ್ಸಿನ ಬೇಸರ, ಸೋಮಾರಿತನ ಯಾವುದೂ ನಡುವೆ ಬರುವುದಿಲ್ಲ. ಸ್ನಾಯು ಸಡಿಲವಾಗುವುದು ನಿಧಾನವಾಗಿತ್ತು. ಉಪವಾಸದ ಹೊತ್ತಿಗೆ ಬೇಗ ಸೋಲುತ್ತಲೂ ಇತ್ತು. ಆದರೆ ತೋಳಿನ ಸುತ್ತಳತೆ, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ತರಹದ ಮಾಮೂಲಿ ಅಳತೆಗಳಲ್ಲಿ ಏನೂ ಕಾಣಲಿಲ್ಲ. ಅಂದರೆ ಸ್ನಾಯು ಸಣ್ಣ ಆಗುವ ಮೊದಲೇ ಅದರ ಕೆಲಸ ಕೆಟ್ಟಿತ್ತು.

ಯಾಕೆ ಹೀಗೆ? ಸ್ನಾಯು ಬಿಗಿಯುವಾಗ ಅದರ ಕೋಶಗಳೊಳಗೆ ಕ್ಯಾಲ್ಸಿಯಂ ಬಿಡುಗಡೆ ಆಗುತ್ತದೆ. ಸಡಿಲವಾಗಬೇಕಾದರೆ ಅದನ್ನು ಕೋಶದೊಳಗಿನ ಅದರ ಉಗ್ರಾಣಕ್ಕೆ ಮತ್ತೆ ಪಂಪ್ ಮಾಡಬೇಕು. ಆ ಪಂಪಿಗೆ ಶಕ್ತಿ ಬೇಕು. ಕೈಕಾಲು ಬಿಡಿಸಿಕೊಳ್ಳುವುದೂ ಖರ್ಚಿನ ಕೆಲಸವೇ.

ಆ ಅಧ್ಯಯನದಲ್ಲೇ ಒಂದು ಸಮಾಧಾನದ ಸುದ್ದಿಯೂ ಇದೆ. ಮತ್ತೆ ಊಟ ಕೊಟ್ಟಾಗ ಎರಡು ವಾರದಲ್ಲಿ ಸ್ನಾಯುವಿನ ಕೆಲಸ ಸರಿಹೋಯಿತು. ತಿಂಗಳುಗಟ್ಟಲೆ ಅರ್ಧ ಹೊಟ್ಟೆಯಲ್ಲಿದ್ದರೆ ಮಾತ್ರ ಅಷ್ಟು ಸುಲಭವಿಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ನೇತೃತ್ವದಲ್ಲಿ 36 ಯುವಕರ ಮೇಲೆ ಪ್ರಯೋಗ ನಡೆಯಿತು. 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ. ಜೊತೆಗೆ ವಾರಕ್ಕೆ 22 ಮೈಲಿ, ಅಂದರೆ 35 ಕಿಲೋಮೀಟರ್ ನಡಿಗೆ. ಅವರ ತೂಕದ ಕಾಲು ಭಾಗ ಹೋಯಿತು. ಶಕ್ತಿ, ತಾಳಿಕೆ ಎರಡೂ ಕುಸಿದವು. ಮೆಟ್ಟಿಲು ಹತ್ತುವುದೂ ಭಾರವಾಯಿತು. ಗಮನಿಸಿ, ಅವರು ಮೊದಲು ತಿನ್ನುತ್ತಿದ್ದದ್ದು ಸುಮಾರು 3,200 ಕ್ಯಾಲರಿ. ಎಷ್ಟು ತಿಂದರು ಅನ್ನುವುದಕ್ಕಿಂತ ಬೇಕಾದದ್ದಕ್ಕೂ ತಿಂದದ್ದಕ್ಕೂ ಎಷ್ಟು ಅಂತರ ಇತ್ತು ಅನ್ನುವುದು ಮುಖ್ಯ.

ಹಂತ 1: ಶುರು ಮಾಡುವ ದಿನವೇ ಕಸುವು ಅಳೆದು ಬರೆದಿಡಿ

ತೂಕ ಬರೆದಿಡುವವರು ಬೇಕಾದಷ್ಟು ಜನ. ಶಕ್ತಿ ಬರೆದಿಡುವವರು ಕಡಿಮೆ. ಒಂದು ಕುರ್ಚಿ, ಒಂದು ಮೊಬೈಲ್ ಇದ್ದರೆ ಸಾಕು.

ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ ಕೂರಿ. ಕೈ ಊರದೆ ಪೂರ್ತಿ ಎದ್ದು ನಿಂತು ಮತ್ತೆ ಕೂರಿ. ಹೀಗೆ 5 ಸಲ, ನಿಮ್ಮಿಂದಾದಷ್ಟು ಬೇಗ. ಎಷ್ಟು ಸೆಕೆಂಡ್ ಆಯಿತು ಅಂತ ಬೇರೆಯವರು ನೋಡಲಿ. ಸ್ನಾಯು ಕ್ಷಯದ ಬಗ್ಗೆ ಕೆಲಸ ಮಾಡುವ ಏಷ್ಯಾದ ತಜ್ಞರ ತಂಡ 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಸಾಮರ್ಥ್ಯ ಕುಗ್ಗಿದೆ ಅಂತ ಲೆಕ್ಕ. ಅದು ವಯಸ್ಸಾದವರಿಗೆ ಮಾಡಿದ ಅಳತೆ. ಹಾಗಾಗಿ 35, 40 ವರ್ಷದವರು 12ರ ಹತ್ತಿರ ಬಂದರೂ ಯೋಚಿಸಬೇಕು. ಅಕ್ಕನಿಗೆ ಮೊದಲ ಸಲ ಅಳೆದಾಗ 15 ಸೆಕೆಂಡ್ ಆಗಿತ್ತು.

ಕೈ ಹಿಡಿತ ಅಳೆಯುವ ಉಪಕರಣ ಅನೇಕ ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಇರುತ್ತದೆ. ಅದೇ ತಂಡದ ಪ್ರಕಾರ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಹಿಡಿತ ದುರ್ಬಲ. ಅದು ಸಿಗದಿದ್ದರೆ ಪರವಾಗಿಲ್ಲ. 5 ಕೆಜಿ ಅಕ್ಕಿ ಚೀಲ ಹಿಡಿದು ಮನೆಯ ಮೆಟ್ಟಿಲು ಒಂದು ಮಹಡಿ ಹತ್ತಿ, ಏದುಸಿರು ಬಂತಾ, ನಡುವೆ ನಿಂತಿರಾ ಅಂತ ಬರೆದುಕೊಳ್ಳಿ. ಜೊತೆಗೆ ತೂಕ, ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ. ಇಷ್ಟನ್ನೂ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಎರಡು ವಾರಕ್ಕೊಮ್ಮೆ, ಅದೇ ಕುರ್ಚಿ, ಅದೇ ಹೊತ್ತು.

ಜಿಮ್‌ಗಳಲ್ಲಿ ಕಾಲಿಟ್ಟು ನಿಂತರೆ "ಮಸಲ್ ಇಷ್ಟು, ಫ್ಯಾಟ್ ಇಷ್ಟು" ಅಂತ ಹೇಳುವ ಮೆಷಿನ್ ಇರುತ್ತದಲ್ಲ, ಅದರ ಒಂದು ದಿನದ ಸಂಖ್ಯೆಯನ್ನು ತೀರಾ ನಂಬಬೇಡಿ. ಅದು ದೇಹದೊಳಗಿನ ನೀರಿನ ಮೇಲೆ ಲೆಕ್ಕ ಹಾಕುತ್ತದೆ. ನೀರು ಹೆಚ್ಚು ಕಡಿಮೆ ಆದರೆ ಲೆಕ್ಕವೂ ತಪ್ಪುತ್ತದೆ.

ಭಾರತೀಯರಿಗೆ ಈ ಹಂತ ಇನ್ನೂ ಮುಖ್ಯ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್‌ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಯುಡ್‌ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನಮ್ಮಲ್ಲಿ ಅನೇಕರು ಸಣ್ಣ ಕಂಡರೂ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಮೊದಲೇ ಕಡಿಮೆ ಇರುವ ಗಂಟಿನಿಂದ ಇನ್ನಷ್ಟು ಕಳೆದುಕೊಂಡರೆ ಉಳಿಯುವುದೆಷ್ಟು?

ಹಂತ 2: ಎಷ್ಟು ಕಡಿಮೆ ಮಾಡಬೇಕು, ಎಲ್ಲಿಂದ ತೆಗೆಯಬೇಕು

ವಾರಕ್ಕೆ ದೇಹದ ತೂಕದ ಶೇ 0.5ರಿಂದ 0.7ರಷ್ಟು ಇಳಿದರೆ ಸಾಕು. 70 ಕೆಜಿ ಇರುವವರಿಗೆ ಅದು ಸುಮಾರು 350ರಿಂದ 500 ಗ್ರಾಂ. ನಾರ್ವೆಯಲ್ಲಿ 24 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಒಂದು ಗುಂಪು ವಾರಕ್ಕೆ ಶೇ 0.7ರಷ್ಟು, ಇನ್ನೊಂದು ಶೇ 1.4ರಷ್ಟು ಇಳಿಸಬೇಕಿತ್ತು. ಇಬ್ಬರೂ ಭಾರ ಎತ್ತುತ್ತಿದ್ದರು. ನಿಧಾನವಾಗಿ ಇಳಿಸಿದವರಲ್ಲಿ ಕೊಬ್ಬಲ್ಲದ ತೂಕ (ಮುಖ್ಯವಾಗಿ ಸ್ನಾಯು, ನೀರು) ಶೇ 2.1ರಷ್ಟು ಹೆಚ್ಚಿತು. ಅವಸರ ಮಾಡಿದವರಲ್ಲಿ ಹೆಚ್ಚಲಿಲ್ಲ.

ಈ ವೇಗಕ್ಕೆ ದಿನಕ್ಕೆ 400–500 ಕ್ಯಾಲರಿ ಕಡಿಮೆ ಮಾಡಿದರೆ ಆಯಿತು. ಅದು ಎಲ್ಲಿಂದ? ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಅದೇ 160 ಕ್ಯಾಲರಿ. ಒಗ್ಗರಣೆಗೆ ಹಾಕುವ ಒಂದು ದೊಡ್ಡ ಚಮಚ ಎಣ್ಣೆ 120. ಒಂದು ಬಟ್ಟಲು ಅನ್ನ ಸುಮಾರು 200. ಸಂಜೆಯ ಬಿಸ್ಕತ್ತು, ಮಿಕ್ಸ್ಚರ್ ಲೆಕ್ಕಕ್ಕೇ ಸಿಗುವುದಿಲ್ಲ. ಇವುಗಳಲ್ಲೇ 500 ಸಿಕ್ಕಿಬಿಡುತ್ತದೆ. ಬೇಳೆ, ಕಾಳು, ಮೊಟ್ಟೆ, ಮೊಸರಿಗೆ ಕೈ ಹಾಕಬೇಡಿ. ಜನ ಮಾಡುವ ದೊಡ್ಡ ತಪ್ಪು ಇದು. ಊಟ ಅರ್ಧ ಮಾಡುತ್ತೇವೆ ಅಂತ ಎಲ್ಲವನ್ನೂ ಅರ್ಧ ಮಾಡುತ್ತಾರೆ.

ದಿನಕ್ಕೆ 800 ಕ್ಯಾಲರಿಗಿಂತ ಕೆಳಗಿನ ಡಯಟ್ ವೈದ್ಯರ ನಿಗಾ ಇಲ್ಲದೆ ಬೇಡವೇ ಬೇಡ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಡಯಟ್ ಅಂತ ಒಂದು ಹುಚ್ಚು ಹಬ್ಬಿತ್ತು. ಚರ್ಮ, ಮೂಳೆಗಳಿಂದ ತೆಗೆದ ಕಳಪೆ ಪ್ರೋಟೀನ್ ಕುಡಿದುಕೊಂಡು ಬೇರೇನೂ ತಿನ್ನದೆ ಇರುವುದು. ಹತ್ತಾರು ಜನ ಸತ್ತರು. ಅನೇಕರದ್ದು ಹೃದಯದ ಬಡಿತ ತಾಳ ತಪ್ಪಿ ಬಂದ ಸಾವು. ಹೃದಯವೂ ಸ್ನಾಯುವೇ ಅಲ್ವಾ? ಕಾಲಿನ ಸ್ನಾಯು ಸೋತರೆ ಗೋಡೆ ಹಿಡಿಯಬಹುದು. ಹೃದಯ ಏನನ್ನು ಹಿಡಿಯಬೇಕು?

ಹಂತ 3: ಪ್ರೋಟೀನ್ ಲೆಕ್ಕ ನಮ್ಮ ಅಡುಗೆಮನೆಯಲ್ಲೇ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದೇಹದ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅದು ಹೊಟ್ಟೆ ತುಂಬ ತಿನ್ನುವವರ ಲೆಕ್ಕ. ಊಟ ಕಡಿಮೆ ಮಾಡಿದಾಗ ಪ್ರೋಟೀನಿನ ಒಂದು ಪಾಲು ಉರುವಲಾಗಿ ಉರಿದುಹೋಗುತ್ತದೆ. ಹಾಗಾಗಿ ಕೆಜಿಗೆ 1.2 ಗ್ರಾಂ ಇಟ್ಟುಕೊಳ್ಳಿ. ಭಾರ ಎತ್ತುವವರು 1.6ರವರೆಗೂ ಹೋಗಬಹುದು. ತೂಕ ತುಂಬಾ ಜಾಸ್ತಿ ಇದ್ದರೆ ಈಗಿನ ತೂಕ ಬೇಡ, ತಲುಪಬೇಕಾದ ತೂಕಕ್ಕೆ ಲೆಕ್ಕ ಹಾಕಿ. 60 ಕೆಜಿಗೆ ಬರಬೇಕು ಅಂದರೆ ದಿನಕ್ಕೆ 72 ಗ್ರಾಂ.

ಪ್ರೋಟೀನಿನ ಮಹತ್ವ ಎಷ್ಟು ಅನ್ನುವುದಕ್ಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಅಧ್ಯಯನ ನೋಡಿ. 40 ಯುವಕರು 4 ವಾರ ತಮಗೆ ಬೇಕಾದದ್ದಕ್ಕಿಂತ ಶೇ 40ರಷ್ಟು ಕಡಿಮೆ ಕ್ಯಾಲರಿ ತಿಂದರು, ವಾರಕ್ಕೆ 6 ದಿನ ಬೆವರಿಳಿಯುವ ವ್ಯಾಯಾಮ ಮಾಡಿದರು. ಕೆಜಿಗೆ 2.4 ಗ್ರಾಂ ಪ್ರೋಟೀನ್ ತಿಂದವರ ಕೊಬ್ಬು 4.8 ಕೆಜಿ ಇಳಿಯಿತು, ಕೊಬ್ಬಲ್ಲದ ತೂಕ 1.2 ಕೆಜಿ ಏರಿತು. 1.2 ಗ್ರಾಂ ತಿಂದವರ ಕೊಬ್ಬು 3.5 ಕೆಜಿ ಇಳಿಯಿತು. ಸ್ನಾಯು ಹೆಚ್ಚಲಿಲ್ಲ, ಆದರೆ ಕಳೆದುಕೊಳ್ಳಲೂ ಇಲ್ಲ. ಅಷ್ಟು ವ್ಯಾಯಾಮ ಮಾಡದ ನಮಗೆ 2.4 ಬೇಕಿಲ್ಲ. ಆದರೆ 1.2 ಬಿಡಬಾರದು.

ನಮ್ಮ ಊಟದಲ್ಲಿ ಪ್ರೋಟೀನ್ ಎಲ್ಲಿದೆ ಅಂತ ಹುಡುಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾವು "ದಿನಾ ಬೇಳೆ ಸಾರು ತಿನ್ನುತ್ತೇವೆ" ಅನ್ನುತ್ತೇವೆ. ನಾಲ್ಕು ಜನರ ತಿಳಿಸಾರಿಗೆ ಹಾಕುವುದು ಒಂದು ಹಿಡಿ ಬೇಳೆ. ತಟ್ಟೆಗೆ ಬರುವುದು ಒಂದೆರಡು ಗ್ರಾಂ ಪ್ರೋಟೀನ್. ಬಸ್ಸಾರು ಮಾಡಿದಾಗ ಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ಪ್ರೋಟೀನ್ ಇರುವುದು ಪಲ್ಯದಲ್ಲಿ. ಮುದ್ದೆಗೆ ಸಾರು ಸುರಿದುಕೊಂಡು ಪಲ್ಯ ಒಂದು ಚಮಚ ಬಡಿಸಿಕೊಂಡರೆ ಏನು ಬಂತು? ಅದನ್ನು ತಿರುಗಿಸಿ. ಪಲ್ಯ ಒಂದು ಬಟ್ಟಲು, ಮುದ್ದೆ ಸಣ್ಣದು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಕೆಲವು ಅಂದಾಜು ಹೇಳುತ್ತೇನೆ. ತೊಗರಿ, ಹೆಸರು, ಹುರುಳಿ, ಹುರಿಗಡಲೆ ಇವೆಲ್ಲ ಒಣಗಿರುವಾಗ 100 ಗ್ರಾಂಗೆ 22–24 ಗ್ರಾಂ. ಸೋಯಾ ಚಂಕ್ಸ್ 50ಕ್ಕೂ ಮೇಲೆ. ಪನೀರ್ 18. ಕೋಳಿ, ಮೀನು 20ರ ಸುತ್ತಮುತ್ತ. ಮೊಟ್ಟೆ ಒಂದಕ್ಕೆ 6. ಒಂದು ಲೋಟ ಹಾಲು, ಅಂದರೆ 200 ಎಂಎಲ್, 6ಕ್ಕೆ ಸ್ವಲ್ಪ ಜಾಸ್ತಿ. ರಾಗಿ ಹಿಟ್ಟು 100 ಗ್ರಾಂಗೆ 7. ಇಡ್ಲಿ ಒಂದಕ್ಕೆ 2.

ಇದರ ಮೇಲೆ ಸಸ್ಯಾಹಾರಿಗಳಿಗೆ ಒಂದು ದಿನ ಹೀಗೆ ಹೊಂದಿಸಬಹುದು. ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಒಂದು ಲೋಟ ಹಾಲು. 18 ಗ್ರಾಂ. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಮುದ್ದೆ, 40 ಗ್ರಾಂ ಕಾಳಿನ ಪಲ್ಯ, ಒಂದು ಬಟ್ಟಲು ಮೊಸರು. 20 ಗ್ರಾಂ. ಸಂಜೆ ಒಂದು ಹಿಡಿ ಹುರಿಗಡಲೆ, ಮಜ್ಜಿಗೆ. 8 ಗ್ರಾಂ. ರಾತ್ರಿ ಎರಡು ಚಪಾತಿ, 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗು. 21 ಗ್ರಾಂ. ಮಲಗುವ ಮುಂಚೆ ಸಕ್ಕರೆ ಇಲ್ಲದ ಹಾಲು. ಒಟ್ಟು 72ರ ಹತ್ತಿರ. ಎಣ್ಣೆ ಹದವಾಗಿ ಹಾಕಿದರೆ ತರಕಾರಿ ಸೇರಿ 1,500–1,600 ಕ್ಯಾಲರಿ ಆಗುತ್ತದೆ. ನಿಮಗೆ ಇನ್ನೂ ಕಡಿಮೆ ಬೇಕಾದರೆ ಮುದ್ದೆ, ಚಪಾತಿ ಸಣ್ಣದು ಮಾಡಿ. ಕಾಳು ಮುಟ್ಟಬೇಡಿ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ಈ ಲೆಕ್ಕ ಇನ್ನೂ ಸುಲಭ. ಮೀನನ್ನು ಕರಿಯುವ ಬದಲು ಸಾರು ಮಾಡಿ ಅಷ್ಟೇ.

ಪ್ರೋಟೀನನ್ನು ಮೂರೂ ಊಟಕ್ಕೆ ಹಂಚಿ. ಒಂದೇ ಹೊತ್ತಿಗೆ ಸುರಿಯಬೇಡಿ. ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿ ಮಾತ್ರ ತಿನ್ನುವವರಿಗೆ ಅರ್ಧ ದಿನ ಸ್ನಾಯು ಕಟ್ಟಲು ಸಾಮಾನೇ ಇರುವುದಿಲ್ಲ. ಪ್ರೋಟೀನ್ ಪುಡಿ ಕೆಟ್ಟದ್ದಲ್ಲ, ಅನಿವಾರ್ಯವೂ ಅಲ್ಲ. ಕಾಳಿನಲ್ಲಿ ಸಿಗುವುದಕ್ಕೆ ಡಬ್ಬಿಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಒಂದು ತಿಂಗಳು ಕಾಳು ತಿಂದು ನೋಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಇಡೀ ಹಂತಕ್ಕೆ ವೈದ್ಯರ ಒಪ್ಪಿಗೆ ಬೇಕು.

ಹಂತ 4: ವಾರಕ್ಕೆ ಮೂರು ದಿನ ಸ್ನಾಯುವಿಗೆ ಭಾರ

"ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಲ್ಲ" ಅಂತ ಅಕ್ಕನೂ ಹೇಳಿದಳು. ವಾಕಿಂಗ್ ಹೃದಯಕ್ಕೆ ಒಳ್ಳೆಯದು. ಸ್ನಾಯು ಉಳಿಸಲು ಅದೊಂದೇ ಸಾಲದು. ಅಮೆರಿಕದಲ್ಲಿ ಬೊಜ್ಜಿದ್ದ 160 ಹಿರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಯಟ್ ಜೊತೆ ಬರೀ ಏರೋಬಿಕ್ (ಜೋರು ನಡಿಗೆಯಂಥ) ವ್ಯಾಯಾಮ ಮಾಡಿದವರ ಕೊಬ್ಬಲ್ಲದ ತೂಕ ಶೇ 5ರಷ್ಟು ಇಳಿಯಿತು. ಭಾರ ಎತ್ತಿದವರದ್ದು ಶೇ 2 ಮಾತ್ರ. ಎರಡನ್ನೂ ಮಾಡಿದವರದ್ದು ಶೇ 3. ಆದರೆ ನಡೆಯುವುದು, ಏಳುವುದು, ಮೆಟ್ಟಿಲು ಹತ್ತುವುದು ಇವುಗಳಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಎರಡನ್ನೂ ಮಾಡಿದವರೇ. ಹಾಗಾಗಿ ವಾಕಿಂಗ್ ಬಿಡಬೇಡಿ. ಅದರ ಒಂದಿಷ್ಟು ಹೊತ್ತನ್ನು ಭಾರಕ್ಕೆ ಕೊಡಿ.

ಜಿಮ್ ಹತ್ತಿರ ಇದ್ದರೆ ಹೋಗಿ. ಇಲ್ಲದಿದ್ದರೆ ಮನೆಯಲ್ಲೇ ಶುರು ಮಾಡಿ. ನಮ್ಮ ಗರಡಿ ಮನೆಗಳ ದಂಡ, ಬಸ್ಕಿ ಇದೇ ಕೆಲಸ ಮಾಡುತ್ತಿದ್ದವು. ಅಕ್ಕನಿಗೆ ಮಾಡಿಸಿದ್ದು ಹೀಗೆ:

ಕುರ್ಚಿಯಿಂದ ಎದ್ದು ಕೂರುವುದು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಬೇಕು. ಇಳಿಯುವಾಗಿನ ಶ್ರಮವೇ ಜಾಸ್ತಿ ಲಾಭ ಕೊಡುತ್ತದೆ ಅಂತ ನನ್ನ ಅನುಭವ.

ಗೋಡೆಗೆ ಕೈ ಊರಿ ದಂಡ. ಗೋಡೆ ಸುಲಭ ಆದಮೇಲೆ ಅಡುಗೆಮನೆಯ ಕಟ್ಟೆ, ಆಮೇಲೆ ನೆಲ.

ಬೆನ್ನಿಗೆ ಮತ್ತು ತೋಳಿಗೆ ಭಾರ ಎಳೆಯುವುದು. ಬಟ್ಟೆ ಚೀಲದಲ್ಲಿ ಎರಡು ಲೀಟರ್ ನೀರಿನ ಬಾಟಲಿ ಹಾಕಿ, ಸೊಂಟದಿಂದ ಮುಂದೆ ಬಾಗಿ, ಬೆನ್ನು ನೆಟ್ಟಗಿಟ್ಟು, ಮೊಣಕೈ ಹಿಂದಕ್ಕೆ ಎಳೆಯಬೇಕು.

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹತ್ತಿ ಇಳಿಯುವುದು, ಮತ್ತೆ ತುದಿಗಾಲಲ್ಲಿ ನಿಂತು ಇಳಿಯುವುದು. ಮೀನಖಂಡಕ್ಕೆ ಇದು ಒಳ್ಳೆಯದು.

ಒಂದೊಂದೂ 8ರಿಂದ 12 ಸಲ, ಎರಡು ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು. ಅನಿಸದಿದ್ದರೆ ಭಾರ ಸಾಲದು, ಬಾಟಲಿ ಇನ್ನೊಂದು ಹಾಕಿ. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಇರುವವರಂತೂ ಹಿಡಿಯಲೇಬಾರದು. ಏಳುವಾಗ ಉಸಿರು ಬಿಡಿ. ಡಯಟ್ ಮಾಡುವಾಗ ಹೊಸ ದಾಖಲೆ ಮಾಡುವ ಆಸೆ ಬೇಡ. ಹೋದ ತಿಂಗಳು ಎತ್ತಿದ್ದನ್ನು ಈ ತಿಂಗಳೂ ಎತ್ತಿದರೆ ನೀವು ಗೆದ್ದ ಹಾಗೆ.

60 ದಾಟಿದವರು ಬರೀ ಊಟ ಬಿಟ್ಟು ತೂಕ ಇಳಿಸಲು ಹೋಗಲೇಬೇಡಿ. ಅವರಿಗೆ ಮೂಳೆಯೂ ಹೋಗುತ್ತದೆ. ಅಮೆರಿಕದಲ್ಲಿ 107 ಹಿರಿಯರ ಮೇಲೆ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಯಟ್ ಮಾತ್ರ ಮಾಡಿದವರ ಸೊಂಟದ ಮೂಳೆಯ ಸಾಂದ್ರತೆ ಶೇ 3ರಷ್ಟು ಇಳಿದಿತ್ತು. ವ್ಯಾಯಾಮವನ್ನೂ ಸೇರಿಸಿದವರದ್ದು ಶೇ 1.

ಹಂತ 5: ನಿದ್ದೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಚಿಕ್ಕ ವಿಷಯ ಅಲ್ಲ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 10 ಜನರಿಗೆ ಒಂದೇ ಡಯಟ್ ಕೊಟ್ಟು, 14 ದಿನ ರಾತ್ರಿ 8.5 ಗಂಟೆ, ಇನ್ನೊಂದು 14 ದಿನ 5.5 ಗಂಟೆ ಮಲಗಲು ಬಿಟ್ಟರು. ತೂಕ ಎರಡೂ ಸಲ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. ಆದರೆ ನಿದ್ದೆ ಕಡಿಮೆ ಆದಾಗ ಇಳಿದ ಕೊಬ್ಬು 1.4 ಕೆಜಿಯಿಂದ 0.6ಕ್ಕೆ ಬಂತು, ಕೊಬ್ಬಲ್ಲದ ತೂಕದ ನಷ್ಟ 1.5ರಿಂದ 2.4 ಕೆಜಿಗೆ ಏರಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜಿಮ್‌ಗೆ ಓಡುವವರು ರಾತ್ರಿ ಒಂಬತ್ತಕ್ಕೆ ಮಲಗಿ.

ಹಂತ 6: ಯಾವಾಗ ನಿಲ್ಲಿಸಬೇಕು

ಕುರ್ಚಿ ಪರೀಕ್ಷೆಯ ಸಮಯ ಸತತ ಎರಡು ಸಲ 2 ಸೆಕೆಂಡ್‌ಗಿಂತ ಜಾಸ್ತಿ ಏರಿದರೆ ಡಯಟ್ ನಿಲ್ಲಿಸಿ. ಎರಡು ವಾರ ಸರಿಯಾಗಿ ಉಣ್ಣಿ. ಟೊರಾಂಟೊದ ಎರಡು ವಾರ ನೆನಪಿದೆಯಲ್ಲ? ಆಮೇಲೆ ಮತ್ತೆ ಅಳೆಯಿರಿ. ಸರಿಹೋದರೆ, ಮೊದಲಿಗಿಂತ ಸಣ್ಣ ಕಡಿತದಿಂದ ಮತ್ತೆ ಶುರು ಮಾಡಿ.

ಇನ್ನು ಕೆಲವು ದೇಹವೇ ಹೇಳುವ ಮಾತುಗಳು. ಡಬ್ಬಿಯ ಮುಚ್ಚಳ ತೆಗೆಯಲು ಆಗದಿರುವುದು. ತಲೆ ಬಾಚುವಾಗ ತೋಳು ಸೋಲುವುದು. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಎಲ್ಲರೂ ಫ್ಯಾನ್ ಹಾಕಿಕೊಂಡಿರುವಾಗ ನಿಮಗೆ ಚಳಿ. ಮುಟ್ಟು ಏರುಪೇರು. ಕೂದಲು ಜಾಸ್ತಿ ಉದುರುವುದು. ಇವು ಕಂಡರೆ ಕಡಿತ ಅತಿಯಾಗಿದೆ. ಸ್ನಾಯು ಹಿಡಿದುಕೊಳ್ಳುವುದಕ್ಕೆ ಪೊಟ್ಯಾಶಿಯಂ, ಮೆಗ್ನೀಶಿಯಂ ಕಡಿಮೆ ಆಗಿರುವುದೂ ಕಾರಣ ಇರಬಹುದು. ಬಿಪಿಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ ನುಂಗುವವರಲ್ಲಿ ಇದು ಬೇಗ ಆಗುತ್ತದೆ. ಒಂದು ರಕ್ತ ಪರೀಕ್ಷೆ ಮಾಡಿಸಿ. ಜೊತೆಗೆ ವಿಟಮಿನ್ ಡಿ, ಬಿ12 ನೋಡಿಸಿ. ನಮ್ಮಲ್ಲಿ ಇವೆರಡರ ಕೊರತೆ ಬಹಳ ಸಾಮಾನ್ಯ, ಎರಡೂ ಸುಸ್ತು ತರುತ್ತವೆ.

ಎದೆ ಬಡಿತ ತಪ್ಪಿದಂತೆ ಅನಿಸಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ತೂಕ ಇಳಿಸಲೆಂದು ನಮ್ಮಲ್ಲಿಗೂ ಬಂದವು. ಇವು ಹಸಿವನ್ನೇ ಕಡಿಮೆ ಮಾಡುತ್ತವೆ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ ಕೆಲವರನ್ನು ಸ್ಕ್ಯಾನ್ ಮಾಡಿ ನೋಡಿದಾಗ ಇಳಿದ ತೂಕದಲ್ಲಿ ಸುಮಾರು ಶೇ 40 ಕೊಬ್ಬಲ್ಲದ ಭಾಗವೇ ಇತ್ತು. ಟಿರ್ಜೆಪಟೈಡ್‌ನಲ್ಲಿ ಸುಮಾರು ಶೇ 25. ಇಂಜೆಕ್ಷನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೇಕಾದವರಿಗೆ ಅದರಿಂದ ದೊಡ್ಡ ಉಪಕಾರ ಇದೆ. ಆದರೆ ಹಸಿವೇ ಇಲ್ಲದಿರುವಾಗ ಮೊದಲ ನಾಲ್ಕು ತುತ್ತು ಕಾಳು, ಮೊಟ್ಟೆ, ಪನೀರ್ ಇರಲಿ. ಅನ್ನ ಆಮೇಲೆ. ಹಂತ 1 ಮತ್ತು 4 ನಿಮಗೆ ಎಲ್ಲರಿಗಿಂತ ಜಾಸ್ತಿ ಅನ್ವಯಿಸುತ್ತವೆ.

ಹಂತ 7: ತೂಕ ಇಳಿದ ಮೇಲೆ

ತೂಕದ ಶೇ 10ರಷ್ಟು ಇಳಿಸಿದವರ ಸ್ನಾಯುಗಳು ಉರುವಲನ್ನು ಬಿಗಿಯಾಗಿ ಖರ್ಚು ಮಾಡಲು ಕಲಿಯುತ್ತವೆ ಅಂತ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅದೇ ನಡಿಗೆಗೆ ಮೊದಲಿಗಿಂತ ಕಡಿಮೆ ಕ್ಯಾಲರಿ ಸಾಕಾಗುತ್ತದೆ. ಹಾಗಾಗಿ ಒಂದೇ ಸಲ ಹಳೆಯ ಊಟಕ್ಕೆ ಮರಳಿದರೆ ತೂಕ ಓಡಿ ಬರುತ್ತದೆ. ಬರುವಾಗ ಮೊದಲು ಕೊಬ್ಬೇ ಬರುತ್ತದೆ. ಮಿನ್ನೆಸೋಟದ ಯುವಕರಲ್ಲೂ ಆದದ್ದು ಇದೇ. ಕೊಬ್ಬು ಮೊದಲಿನ ಮಟ್ಟ ದಾಟಿದರೂ ಸ್ನಾಯು ಪೂರ್ತಿ ವಾಪಸ್ ಬಂದಿರಲಿಲ್ಲ. ವರ್ಷಕ್ಕೆರಡು ಸಲ ಡಯಟ್ ಮಾಡಿ ಬಿಡುವವರ ಮೈಯಲ್ಲಿ ಹೀಗೆ ಪ್ರತಿ ಸಲವೂ ಸ್ನಾಯು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತ ಹೋಗಬಹುದು.

ದಿನದ ಊಟವನ್ನು ವಾರಕ್ಕೆ 100 ಕ್ಯಾಲರಿಯಂತೆ ನಿಧಾನವಾಗಿ ಏರಿಸಿ. ಅಂದರೆ ಈ ವಾರ ಅರ್ಧ ಬಟ್ಟಲು ಅನ್ನ, ಮುಂದಿನ ವಾರ ಇನ್ನೊಂದು ಚಪಾತಿ. ತೂಕ ಒಂದೆರಡು ಕೆಜಿ ಏರಿದರೆ ಹೆದರಬೇಡಿ. ಮೊದಲ ವಾರ ಹೋದ ಗ್ಲೈಕೋಜನ್, ನೀರು ವಾಪಸ್ ಬಂದಿದೆ, ಅದು ಬರಲೇಬೇಕು. ಭಾರ ಎತ್ತುವುದನ್ನು ಬಿಡಬೇಡಿ. ಕುರ್ಚಿ ಪರೀಕ್ಷೆ ಇನ್ನು ಮೇಲೆ ತಿಂಗಳಿಗೊಮ್ಮೆ ಸಾಕು. ಒಂದನೇ ತಾರೀಖು ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಅಕ್ಕ ಆ ಗೃಹಪ್ರವೇಶದ ಮಾರನೇ ವಾರದಿಂದ ಕಾಳು, ಮೊಟ್ಟೆ, ಬಸ್ಕಿ ಶುರು ಮಾಡಿದಳು. ಆರು ತಿಂಗಳಲ್ಲಿ ತೂಕ 3 ಕೆಜಿ ವಾಪಸ್ ಬಂದಿದೆ. ಸಣ್ಣ ಆದಾಗ ಹೊಲಿಸಿದ ರವಿಕೆ ಈಗಲೂ ಹಿಡಿಯುತ್ತದೆ. ಅವಳ ಕ್ಯಾಲೆಂಡರಿನಲ್ಲಿ ಈ ತಿಂಗಳು ಬರೆದ ಸಂಖ್ಯೆ 10 ಸೆಕೆಂಡ್.